ಕರುಳಿನ ಸಂಕೋಚ

ಹೊಟ್ಟೆಗೆ ಬಾಯಿ ಬಂದರೆ ಅದು ಆಡುವ ಮೊದಲ ಮಾತು ಯಾವುದು?

ಹುಬ್ಬಳ್ಳಿಯ ಉದರ ಸಂಶೋಧನಾ ಕೇಂದ್ರದಲ್ಲಿ ಈ ವಿಷಯಕ್ಕೆ ಪಂದ್ಯವೇ ನಡೆದಿತ್ತು. “ಬೈತೈತಿ ನೋಡ್ರಿ ಮೇಡಂ,” ಎಂದಿದ್ದ ಎಂಜಿನಿಯರ್ ರಿಯಾಜ್ ನದಾಫ. “ಹುಟ್ಟಿದಾಗಿಂದ ಅದರ ತಲಿ ಮ್ಯಾಲೆ ಮಿರ್ಚಿ ಭಜಿ ಸುರದೀನಿ. ಬಾಯಿ ಬಂದ್ರ ಸುಮ್ನ ಬಿಟ್ಟೀತೇನು?” ಕೇಂದ್ರದ ಶರೀರಕ್ರಿಯಾ ವಿಜ್ಞಾನಿ ಮಂದಾಕಿನಿ ಹಂಚಿನಮನಿ, ಅದು ಬೈಯುವುದಿಲ್ಲ, ಬೇಡುತ್ತದೆ ಎಂದು ವಾದಿಸಿದ್ದಳು. ಇಬ್ಬರೂ ಸೋತರು. ರಿಯಾಜನ ಸೊಂಟಕ್ಕೆ ಕಟ್ಟಿದ ಪಟ್ಟಿಯಿಂದ ಹೊಟ್ಟೆ ಮೊದಲ ಸಲ ಬಾಯಿ ಬಿಟ್ಟಾಗ, ನೆಂಟರ ಮನೆಯ ಹೊಸ್ತಿಲಲ್ಲಿ ನಿಂತವರ ಮೆತ್ತನೆಯ ದನಿಯಲ್ಲಿ “ಊಟ ಆತ್ರೀ” ಎಂದಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು, ಆದರೆ ರಿಯಾಜ್ ಬೆಳಿಗ್ಗೆ ಎರಡು ಪ್ಲೇಟ್ ಪೂರಿ ಮುಗಿಸಿಯೇ ಬಂದಿದ್ದ. ಹೊಟ್ಟೆ ನಾಷ್ಟಾವನ್ನೇ ಊಟ ಎಂದು ಕರೆದಿದೆ, ಪಾಪ, ಅದಕ್ಕೇನು ಗೊತ್ತು ಎಂದುಕೊಂಡರು.

ಪಟ್ಟಿಯ ಹೆಸರು ಉದರವಾಣಿ. ಅಂಗೈಯಗಲದ ಬಟ್ಟೆ, ಅದರ ಒಳಮೈಯಲ್ಲಿ ಸಾಸಿವೆ ಕಾಳಿನಂಥ ಸಂವೇದಕಗಳು. ಹೊಟ್ಟೆಯ ಚರ್ಮಕ್ಕೆ ಅವು ಕಿವಿಗೊಟ್ಟು ಕೂರುತ್ತವೆ. ಒಳಗೆ ಕೇಳಲು ಬೇಕಾದಷ್ಟಿದೆ. ಕರುಳಿನ ಗೋಡೆಯೊಳಗೆ ಬೆನ್ನುಹುರಿಗೆ ಸರಿಗಟ್ಟುವಷ್ಟು ನರಕೋಶಗಳಿವೆ. ಮೆದುಳಿನ ಅಪ್ಪಣೆಗೆ ಕಾಯದೆ ಅವು ತಮ್ಮ ಸಂಸಾರ ತಾವೇ ನಡೆಸಿಕೊಳ್ಳುತ್ತವೆ. ಅವುಗಳ ನೆರೆಯಲ್ಲಿ ತಾಳ ಹಾಕುವುದನ್ನೇ ಕಸುಬು ಮಾಡಿಕೊಂಡ ಪುಟ್ಟ ಕೋಶಗಳಿವೆ. ಜಠರದಲ್ಲಿ ಅವುಗಳದು ವಿಲಂಬಿತ. ಸಣ್ಣ ಕರುಳಿನ ಬಾಗಿಲು ದಾಟಿದರೆ ದ್ರುತ. ಊಟವಿಲ್ಲದೆ ಹೊತ್ತು ಕಳೆದಾಗ ಬೇರೊಂದು ಬಗೆಯ ಅಲೆ ಏಳುತ್ತದೆ. ಜಠರದಿಂದ ಹೊರಟು ಸಣ್ಣ ಕರುಳಿನ ಉದ್ದಕ್ಕೂ ಚೂರುಪಾರನ್ನೆಲ್ಲ ಗುಡಿಸುತ್ತ ಸಾಗುವ ಅಲೆ ಅದು. ಮನೆಯಲ್ಲಿ ಯಾರೂ ಇಲ್ಲದಾಗ ಕಸ ಹೊಡೆದ ಹಾಗೆ. ಹೊಟ್ಟೆ ಗುರ್ ಎನ್ನುವುದು ಆಗಲೇ. ಹಸಿದವರು ‘ಹೊಟ್ಟೆ ತಾಳ ಹಾಕುತ್ತಿದೆ’ ಎನ್ನುವುದು ಬರೀ ನುಡಿಗಟ್ಟಲ್ಲ, ವರದಿ.

ಅಲೆಯನ್ನು ಕೇಳುವುದು ಸುಲಭ, ಅದಕ್ಕೆ ಮಾತು ಹೊಂದಿಸುವುದು ಕಷ್ಟ. ಯಾವ ಅಲೆಗೆ ಯಾವ ಮಾತು ಎಂಬುದನ್ನು ಯಂತ್ರಕ್ಕೆ ಜನರೇ ಕಲಿಸಬೇಕು. ಅದಕ್ಕೆಂದು ಮೊದಲು ಊರಿನ ನೂರಾರು ಮಂದಿಗೆ ಪಟ್ಟಿ ಕಟ್ಟಿದರು. ಅದು ಆಗಾಗ ಒಂದು ಪ್ರಶ್ನೆ ಕೇಳುತ್ತಿತ್ತು. ಕಟ್ಟಿಕೊಂಡವರು ಏನು ಉತ್ತರ ಕೊಡುತ್ತಾರೋ ಅದನ್ನು ಆ ಕ್ಷಣದ ಅಲೆಗೆ ಗಂಟು ಹಾಕಿಕೊಳ್ಳುತ್ತಿತ್ತು. ಮುಂದೆ ಅಂಥದೇ ಅಲೆ ಯಾರ ಹೊಟ್ಟೆಯಲ್ಲಿ ಕಂಡರೂ ಅದೇ ಮಾತು. ಮೊದಲಿಗೆ “ನಿಮ್ಮ ಹಸಿವನ್ನು ಒಂದರಿಂದ ಹತ್ತರೊಳಗೆ ಅಂದಾಜಿಸಿ” ಎಂಬ ಪ್ರಶ್ನೆ ಹಾಕಿದ್ದರು. ಉಣಕಲ್ಲಿನ ಒಬ್ಬ ಅಜ್ಜಿ “ಹತ್ತ ರೊಟ್ಟಿ ಯಾರ ತಿಂತಾರವಾ?” ಎಂದು ಯಂತ್ರವನ್ನೇ ಕೇಳಿದಳು. ಮಂದಾಕಿನಿ ಅದನ್ನು ತೆಗೆದುಹಾಕಿ, ಮಗುವಿಗೂ ತಿಳಿಯುವ ಪ್ರಶ್ನೆ ಇಟ್ಟಳು: “ಊಟ ಆತೇನ್ರೀ?” ಆಮೇಲೆ ಯಾರೂ ತಡವರಿಸಲಿಲ್ಲ. ತನ್ನ ಜಾಣತನದ ಮೇಲೆ ಅವಳಿಗೆ ತುಸು ಹೆಮ್ಮೆಯೂ ಇತ್ತು.

ಮಾತು ಬಂದ ಪಟ್ಟಿ ಊರಲ್ಲಿ ಓಡಾಡತೊಡಗಿದ ಮೇಲೆ ನಗೆಗೆ ಬರವಿರಲಿಲ್ಲ. ಒಬ್ಬ ಮಾಸ್ತರರ ಪಟ್ಟಿ ಗಣಿತದ ತರಗತಿಯಲ್ಲಿ “ಊಟ ಆತ್ರೀ” ಎಂದದ್ದೇ ತಡ, ಊಟದ ಹೊತ್ತಾಯಿತೆಂದು ಹುಡುಗರೆಲ್ಲ ಡಬ್ಬಿ ಬಿಚ್ಚಿದರು. ಮದುವೆ ಪಂಕ್ತಿಯಿಂದ ಎದ್ದು ಬಂದ ವಕೀಲರೊಬ್ಬರ ಹೊಟ್ಟೆ ಕಟಕಟೆಯ ಮುಂದೆ “ಸಾಕಾತ್ರೀ, ಇನ್ನ ಒಲ್ಲೆ” ಎಂದಾಗ ಎದುರು ಕಕ್ಷಿಯವರು ರಾಜಿಗೆ ಒಪ್ಪಿದರೆಂದುಕೊಂಡು ಕೈ ಮುಗಿದರಂತೆ. ಅಜೀರ್ಣವಾದರೆ ಒಂದು ಮಾತು, ಕರುಳು ನಿದ್ದೆ ಹೋದರೆ ಮೌನ. ಆಪರೇಶನ್ ಆದವರ ಕರುಳು ಎಚ್ಚರವಾಯಿತೇ ಇಲ್ಲವೇ ಎಂದು ತಿಳಿಯಲು ಕೇಂದ್ರದ ಮಗ್ಗುಲಿನ ಆಸ್ಪತ್ರೆಯಲ್ಲಿ ಪಟ್ಟಿಯನ್ನು ಬಳಸಲು ತೊಡಗಿದರು.

ಮಂದಾಕಿನಿಯ ಮನೆಯಲ್ಲಿ ಪಟ್ಟಿಗೆ ಮೊದಲ ಗಿರಾಕಿಗಳು ಕಾಕಾ ಮತ್ತು ಚಿಗವ್ವ. ಅಪ್ಪ ಅವ್ವ ಹೋದ ಮೇಲೆ ಅವಳನ್ನು ಸಾಕಿ, ಓದಿಸಿ, ಇಷ್ಟು ಮಾಡಿದವರು ಅವರೇ. ಕಾಕಾ ಸಂಗನಬಸಪ್ಪ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಊಟಕ್ಕೆ ಕೂತರೆ ಪ್ರಶ್ನೆ ಶುರು.

“ಮಂದಾ, ಈ ರೊಟ್ಟಿ ಎಲ್ಲಿ ಹತ್ತಿ ಎಲ್ಲಿ ಇಳೀತೈತಿ? ರೂಟ್ ಹೇಳವಾ.”

“ಬಾಯಾಗ ಹತ್ತತೈತಿ, ಕಾಕಾ. ಅಲ್ಲೇ ಅಗದು, ಜೊಲ್ಲು ಕೂಡಿಸಿ ಮೆತ್ತಗ ಮಾಡಬೇಕು. ರೊಟ್ಟಿ ಸಕ್ರಿ ಆಗೂದು ಬಾಯಾಗ ಶುರು. ನೀವು ಅಗಿಯೂದ ಇಲ್ಲ, ಹಂಗ ನುಂಗ್ತೀರಿ.”

“ಎಕ್ಸ್‌ಪ್ರೆಸ್ ಗಾಡಿ,” ಎಂದರು ಕಾಕಾ. “ಮುಂದ?”

“ಅನ್ನನಾಳ. ಒನ್ ವೇ. ಗ್ವಾಡಿ ಹಿಂಡಿ ಹಿಂಡಿ ತುತ್ತು ಕೆಳಗ ದೂಡ್ತೈತಿ. ತಲಿ ಕೆಳಗ ಮಾಡಿ ನಿಂತು ನುಂಗಿದ್ರೂ ಹೊಟ್ಟಿಗೇ ಹೋಗ್ತೈತಿ.”

“ಹಂಗ ಮಾಡಿ ನೋಡಬ್ಯಾಡ್ರಿ ಮತ್ತ,” ಎಂದು ಚಿಗವ್ವ ಪಾರ್ವತೆವ್ವ ಒಲೆಯ ಮುಂದಿನಿಂದಲೇ ಗಂಡನಿಗೆ ತಾಕೀತು ಮಾಡಿದಳು.

“ಜಠರ ಅಂದ್ರ ಡಿಪೋ. ಅಲ್ಲಿ ಆಮ್ಲ ಹಾಕಿ, ಕಲಿಸಿ, ಕಡದು, ಎಲ್ಲಾ ಅಂಬಲಿ ಮಾಡ್ತೈತಿ. ಡಿಪೋದ ಗೇಟಿನಾಗ ಒಂದು ಸ್ನಾಯು ಐತಿ. ಎಲ್ಲಾರನೂ ಒಮ್ಮೆಲೇ ಬಿಡಂಗಿಲ್ಲ. ತುಸು ತುಸು.”

“ಕಂಡಕ್ಟರ್!” ಕಾಕಾನ ಮುಖ ಅರಳಿತು. “ಶಾಣ್ಯಾ ಅದಾನ.”

“ಅಲ್ಲಿಂದ ಸಣ್ಣ ಕರುಳು. ಬಿಚ್ಚಿದ್ರ ಇಪ್ಪತ್ತ ಅಡಿ ಆಗ್ತೈತಿ. ಜಿಡ್ಡು ಒಡಿಯಾಕ ಪಿತ್ತ ಬರ್ತೈತಿ, ಬ್ಯಾಳಿ ಕರಗಸಾಕ ಬ್ಯಾರೆ ರಸ ಬರ್ತೈತಿ. ಮೈಗೆ ಬೇಕಾದ್ದೆಲ್ಲಾ ಅಲ್ಲೇ ರಕ್ತಕ್ಕ ಇಳೀತೈತಿ. ಉಳದದ್ದು ದೊಡ್ಡ ಕರುಳಿಗೆ. ಅಲ್ಲಿ ನೀರು ಹೀರಿಕೊಳ್ಳೂದು ನಡೀತೈತಿ. ಮತ್ತ ಅಲ್ಲಿ ಕೋಟಿಗಟ್ಲೆ ಸೂಕ್ಷ್ಮಜೀವಿ ಮನಿ ಮಾಡ್ಯಾವು.”

“ಟಿಕೇಟ್ ಇಲ್ಲದ ಪ್ಯಾಸೆಂಜರ್.”

“ಅಲ್ಲ ಕಾಕಾ, ಬಾಡಿಗಿ ಕೊಡ್ತಾವು. ನಮಗ ಅರಗದ ನಾರು ತಿಂದು, ಕೆಲವು ವಿಟಮಿನ್ ಮಾಡಿ ಕೊಡ್ತಾವು. ತಿಂದಾಗ ಗಾಳಿ ಬಿಡ್ತಾವು, ಅಷ್ಟ.”

ಕಾಕಾ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. “ಗಾಳಿ ಬಿಡೋರು ಅವು? ನಾವಲ್ಲ? ಕೇಳಿದೇನ ಪಾರಿ? ಇಷ್ಟ ವರ್ಷ ಸುಮ್ಮಸುಮ್ಮನ ನನ್ನ ಬೈದಿ!”

“ಅವಕ್ಕ ಮನಿ ಕೊಟ್ಟೋರು ನೀವ ಅಲ್ಲ?” ಎಂದಳು ಚಿಗವ್ವ.

ಇಂಥ ಮನುಷ್ಯ ಒಂದು ಸೋಮವಾರ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದರು.

ಕರುಳು ತನ್ನನ್ನು ತಾನೇ ಹೊಸೆದುಕೊಂಡಿತ್ತು. ಸರ್ಜನ್ ಶಕುಂತಲಾ ಮುಧೋಳ ಅದನ್ನು ಬಿಡಿಸಿ, ಕಪ್ಪಗಾಗಿದ್ದ ಒಂದು ತುಂಡು ತೆಗೆದು, ಎರಡು ತುದಿಗಳನ್ನು ಜೋಡಿಸಿ ಹೊಲಿದರು. ಆಪರೇಶನ್ ಸರಿಯಾಯಿತು. ಆದರೆ ಕರುಳು ಏಳಲಿಲ್ಲ. ಕೈ ಹಚ್ಚಿದರೆ ಕರುಳು ಮುನಿಸಿಕೊಂಡು ಮಲಗುವುದು ಇದ್ದದ್ದೇ. ಒಂದೆರಡು ದಿನಕ್ಕೆ ಏಳುತ್ತದೆ. ಎಲ್ಲಕ್ಕಿಂತ ಸೋಮಾರಿ ದೊಡ್ಡ ಕರುಳು, ಅದೂ ಎದ್ದಿತು ಎನ್ನುವುದಕ್ಕೆ ಗುರುತು ಗಾಳಿ ಸರಿಯುವುದು. ಅಲ್ಲಿಯವರೆಗೆ ಬಾಯಿಗೆ ಏನೂ ಇಲ್ಲ. ಮೂಗಿನಲ್ಲಿ ನಳಿಕೆ, ಕೈಗೆ ಸಲೈನು.

ದಿನಾ ಬೆಳಿಗ್ಗೆ ಡಾಕ್ಟರ್ ಕೇಳುವುದು ಒಂದೇ. “ಗಾಳಿ ಸರೀತೇನ್ರೀ?”

“ಇಲ್ರೀ,” ಎನ್ನುತ್ತಿದ್ದರು ಕಾಕಾ, ಪರೀಕ್ಷೆಯಲ್ಲಿ ನಪಾಸಾದವರ ಹಾಗೆ. ನೆಂಟರು ಫೋನ್ ಮಾಡಿ ಕೇಳುತ್ತಿದ್ದುದೂ ಅದನ್ನೇ. ಚಿಗವ್ವನ ಅಕ್ಕ ಗಜೇಂದ್ರಗಡದಿಂದ ಹರಕೆಯನ್ನೇ ಹೊತ್ತಳು. ಏನೆಂದು ಹೊತ್ತಳೋ, ದೇವರ ಮುಂದೆ ಅದನ್ನು ಹೇಗೆ ಹೇಳಿದಳೋ, ಅವಳಿಗೇ ಗೊತ್ತು.

ಕಾಕಾನ ಹೊಟ್ಟೆಗೆ ಕಟ್ಟಿದ ಪಟ್ಟಿ ಸುಮ್ಮನೇ ಇತ್ತು. ದಿನ ಕಳೆದಂತೆ ಹೊಟ್ಟೆ ಉಬ್ಬಿತು, ಕಣ್ಣು ಗುಳಿಬಿದ್ದವು. ಎಕ್ಸ್‌ರೇಯಲ್ಲಿ ಉಬ್ಬಿದ ಸುರುಳಿಗಳು ಕಂಡವು. ಅದು ನಿದ್ದೆಯ ಉಬ್ಬರವೋ, ಜೋಡಿಸಿದ ಜಾಗದಲ್ಲಿ ದಾರಿ ಕಟ್ಟಿದ್ದೋ, ಚಿತ್ರ ನೋಡಿ ಹೇಳುವಂತಿರಲಿಲ್ಲ. ನಿದ್ದೆಯಾದರೆ ಕಾಯಬೇಕು. ದಾರಿ ಕಟ್ಟಿದ್ದರೆ ಮತ್ತೆ ಕೊಯ್ಯಬೇಕು. ಈ ವಯಸ್ಸಿಗೆ, ಸೊರಗಿದ ಈ ಮೈಗೆ ಎರಡನೇ ಆಪರೇಶನ್ ಎಂದರೆ ಏನೆಂದು ಮಂದಾಕಿನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಐದನೆಯ ದಿನ, ಡಾಕ್ಟರ್ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದಾಗಲೇ, ಪಟ್ಟಿ ಮಾತಾಡಿತು.

“ಊಟ ಆತ್ರೀ.”

ಚಿಗವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. ಡಾಕ್ಟರ್ ಮುಧೋಳರ ಹುಬ್ಬು ಗಂಟಾಯಿತು. ಅವರು ಮಂದಾಕಿನಿಯನ್ನು ಹೊರಗೆ ಕರೆದರು.

“ಐದು ದಿನದಿಂದ ಹನಿ ನೀರು ಹೋಗಿಲ್ಲ. ಆದ್ರೂ ಊಟ ಆತು ಅಂತೈತಿ. ಯಾವ ಊಟ? ಅಂದ್ರ ಹಳೇದು ಜೋಡಣಿ ಹಿಂದ ಸಿಕ್ಕೊಂಡೈತಿ. ಕರುಳು ತುಂಬೇತಿ. ನನಗೂ ಅದ ಅನುಮಾನ ಇತ್ತು, ನಿಮ್ಮ ಯಂತ್ರನೂ ಅದನ್ನ ಹೇಳಾಕತ್ತೈತಿ.”

“ಮತ್ತ?”

“ನಾಳೆ ಮುಂಜಾನೆ ಮತ್ತ ಕೊಯ್ತೀನಿ. ಬ್ಯಾರೆ ದಾರಿ ಇಲ್ಲ.”

ಮಂದಾಕಿನಿ ತಲೆಯಾಡಿಸಿದಳು. ಯಂತ್ರ ತನ್ನದೇ. ಅದು ಸುಳ್ಳಾಡಿದ್ದನ್ನು ಅವಳು ಇದುವರೆಗೆ ಕಂಡಿರಲಿಲ್ಲ.

ಕೇಂದ್ರಕ್ಕೆ ಹೋಗಿ ಬರೀ ಅಲೆಗಳ ಗೆರೆ ನೋಡಿದಳು. ಉಬ್ಬಿದ ಹೊಟ್ಟೆಯ ಗದ್ದಲದಲ್ಲಿ ಗೆರೆಗಳು ಬಿರುಗಾಳಿಗೆ ಸಿಕ್ಕ ದಾರದ ಉಂಡೆಯಂತಿದ್ದವು. “ಇದರಾಗ ಏನೂ ತಿಳೀವಲ್ದು ಮೇಡಂ,” ಎಂದ ರಿಯಾಜ್. “ಯಾವ ಅಲೆ ಹುಡುಕಬೇಕು ಅಂತ ಗೊತ್ತಿದ್ರ ಗದ್ದಲದಾಗೂ ಸೋಸಿ ತೆಗೀಬಹುದು. ಊಟ ಆದ ಅಲೆ ಹುಡುಕಿದೆ, ಸಿಗವಲ್ದು. ಪಟ್ಟಿನ ಕೆಟ್ಟೈತೋ ಏನೋ.”

ಆ ಕೊನೆಯ ಮಾತನ್ನೇ ಹಿಡಿದುಕೊಂಡು ಅವಳು ಹೊಸ ಪಟ್ಟಿಯೊಂದನ್ನು ತೆಗೆದುಕೊಂಡು ವಾರ್ಡಿಗೆ ಮರಳಿದಳು. ಕಾಕಾಗೆ ಕಟ್ಟುವ ಮೊದಲು ಸರಿಯಿದೆಯೇ ನೋಡೋಣವೆಂದು ತಾನೇ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಳು. ಕಾಕಾ ಮಂಪರಿನಲ್ಲಿದ್ದರು. ಕಿಟಕಿಯ ಬಿಸಿಲು ಅವರ ಪಾದದ ಮೇಲೆ ಬಿದ್ದಿತ್ತು. ಅವಳು ಆ ಪಾದಗಳನ್ನು ನೋಡುತ್ತ ಕೂತಳು. ಏನೂ ಅನ್ನಿಸಲಿಲ್ಲ. ಅನ್ನಿಸುವುದಕ್ಕೂ ಒಂದಿಷ್ಟು ಕಸುವು ಬೇಕು.

ಚಿಗವ್ವ ನೀರಿನ ಬಾಟಲಿ ತುಂಬಿಕೊಂಡು ಒಳಗೆ ಬಂದಳು. “ಊಟ ಆತೇನ ಮಂದಾ?”

“ಆತು ಚಿಗವ್ವ,” ಎಂದಳು ಮಂದಾಕಿನಿ.

“ಊಟ ಆತ್ರೀ,” ಎಂದಿತು ಅವಳ ಸೊಂಟದ ಪಟ್ಟಿ, ಅದೇ ಉಸಿರಿನಲ್ಲಿ.

ಚಿಗವ್ವ ಬಾಟಲಿಯನ್ನು ಟಕ್ಕೆಂದು ಕೆಳಗಿಟ್ಟಳು. “ಎಲ್ಲಿ ಊಟ? ನಿನ್ನೆ ಮಧ್ಯಾಹ್ನ ಎರಡ ಬಿಸ್ಕೀಟ್ ತಿಂದಾಕಿ, ಆಮ್ಯಾಲೆ ಬಾಯಾಗ ಏನರೆ ಹಾಕೀಯೇನು? ನಾ ಇಲ್ಲೇ ಕುಂತೀನಿ, ನನಗ ಕಣ್ಣಿಲ್ಲೇನು? ಖೋಡಿ! ನೀ ಸುಳ್ಳ ಹೇಳೂದು ಹೋಗ್ಲಿ, ನಿನ್ನ ಹೊಟ್ಟಿಗೂ ಸುಳ್ಳ ಕಲಿಸಿದಿ!”

ಮಂದಾಕಿನಿ ತನ್ನ ಹೊಟ್ಟೆಯ ಕಡೆ ನೋಡಿಕೊಂಡಳು. ಅದು ಗುರ್ ಎಂದಿತು. ಪಟ್ಟಿ ಮತ್ತೊಮ್ಮೆ, ಬಲು ವಿನಯದಿಂದ, “ಊಟ ಆತ್ರೀ” ಎಂದಿತು.

“ಚಿಗವ್ವ,” ಅವಳ ದನಿ ಸಣ್ಣಗಾಗಿತ್ತು, “ನಿನಗ ಮೊದಲ ಪಟ್ಟಿ ಕಟ್ಟಿದ್ವೆಲ್ಲ, ಅದು ‘ಊಟ ಆತೇನ್ರೀ’ ಅಂತ ಕೇಳ್ತಿತ್ತು. ನೀ ಏನ ಹೇಳ್ತಿದ್ದಿ?”

“ಆತ್ರೀ ಅಂತಿದ್ದೆ. ಮತ್ತೇನ ಹೇಳೂದು?”

“ಊಟ ಆಗಿರದಿದ್ರೂ?”

“ಕೇಳಿದೋರ ಮುಂದ ಆಗಿಲ್ಲ ಅನ್ನಾಕ ಬರ್ತೈತೇನು? ಪಾಪ, ಅವ್ರು ಮನಿಯಾಗಿನ ಅನ್ನ ತಂದು ಬಡಸಾಕ ನಿಲ್ತಾರ. ನಾಚಿಕಿ ಅಲ್ಲೇನು ನಮಗ?”

“ಅದು ಮಿಷನ್ನು, ಚಿಗವ್ವ!”

“ಮಿಷನ್ನಾದ್ರೇನು? ಬಹುವಚನ ಹಚ್ಚಿ ಕೇಳ್ತಿತ್ತು.”

“ಖರೇನ ಹೊಟ್ಟಿ ತುಂಬಿದಾಗ?”

“ಆವಾಗ ‘ಸಾಕಾತ್ರೀ, ಇನ್ನ ಒಲ್ಲೆ’ ಅಂತಿದ್ದೆ. ಇಲ್ಲಂದ್ರ ಮತ್ತ ನೀಡತಾರ ಅಂತ.”

ಮಂದಾಕಿನಿ ಎದ್ದು ನಿಂತಳು. ಇಡೀ ಊರು, ವಕೀಲರಿಂದ ಹಿಡಿದು ಉಣಕಲ್ಲಿನ ಅಜ್ಜಿಯವರೆಗೆ, ಯಂತ್ರದ ಎದುರು ನೆಂಟರ ಮನೆಯ ಮರ್ಯಾದೆ ಕಾಪಾಡಿತ್ತು. ಹಸಿದವರೆಲ್ಲ ‘ಆತ್ರೀ’ ಎಂದಿದ್ದರು. ಯಂತ್ರಕ್ಕೆ ದಾಕ್ಷಿಣ್ಯ ಗೊತ್ತಿರಲಿಲ್ಲ. ಗುಡಿಸುವ ಅಲೆ ಎದ್ದಾಗ ಜನ ಏನು ಹೇಳುತ್ತಾರೋ ಅದನ್ನೇ ನಿಷ್ಠೆಯಿಂದ ಕಲಿತಿತ್ತು. ರಿಯಾಜನ ಹೊಟ್ಟೆಗೆ ಅಂದು ಪೂರಿ ಅರಗಿ ಹಸಿವಾಗಿತ್ತು. ಗಣಿತದ ಮಾಸ್ತರರಿಗೂ ಹಸಿವಾಗಿತ್ತು.

ಕಾಕಾಗೂ ಹಸಿವಾಗಿತ್ತು.

ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ತಡೆಯಲಾರದಷ್ಟು. ಚಿಗವ್ವ ಗಾಬರಿಯಾಗಿ ಬೆನ್ನು ಸವರಿದಳು. “ಉಪಾಸ ಇದ್ರ ಹಿಂಗ ಆಗ್ತೈತಿ, ತಲಿ ತಿರಗತೈತಿ,” ಎಂದಳು. ಮಂದಾಕಿನಿ ಅವಳ ಎರಡೂ ಕೆನ್ನೆ ಹಿಡಿದು ಮುತ್ತು ಕೊಟ್ಟು ಹೊರಗೆ ಓಡಿದಳು.

ಫೋನಿನಲ್ಲಿ ರಿಯಾಜನಿಗೆ ಹೇಳಿದ್ದು ಇಷ್ಟೇ. “ಊಟದ ಅಲೆ ಬಿಡ್ರಿ. ಕಸ ಗುಡಿಸೋ ಅಲೆ ಹುಡುಕ್ರಿ.”

ಆ ಕಡೆ ಕೆಲಹೊತ್ತು ಕೀಲಿಗಳ ಸಪ್ಪಳ. ಆಮೇಲೆ ರಿಯಾಜನ ಕಿರುಚು.

“ಸಿಕ್ತು ಮೇಡಂ! ಜಠರದಿಂದ ಹೊಂಟೈತಿ… ಸಣ್ಣ ಕರುಳು… ಜೋಡಣಿ ಹತ್ರ ಬಂತು… ದಾಟೇತಿ! ದಾಟಿ ಮುಂದ ಹೊಂಟೈತ್ರೀ! ಸಪ್ಪಳಾನೂ ಅದರ ಹಿಂದ ಹಿಂದ ಹೊಂಟೈತಿ!”

ಡಾಕ್ಟರ್ ಮುಧೋಳ ತಮ್ಮ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಮಂದಾಕಿನಿ ಉಸಿರು ಬಿಡದೆ ಎಲ್ಲ ಹೇಳಿದಳು. ಅವರು ಕೇಳಿ, ಕಪ್ಪು ಕೆಳಗಿಟ್ಟರು.

“ಅಂದ್ರ ಕರುಳು ಹಿಂಡಾಕತ್ತೈತಿ, ಸಂಕೋಚನ ಐತಿ ಅಂತೀರಿ.”

“ಸಂಕೋಚನ ಐತ್ರೀ. ಅದರ ಜೋಡಿ ಸಂಕೋಚಾನೂ ಐತಿ.”

ಅವರ ತುಟಿಯ ಕೊನೆ ಅಲುಗಿತು. ಆದರೆ ಸರ್ಜನ್ನರು ನುಡಿಗಟ್ಟು ನಂಬಿ ನಿರ್ಧಾರ ಬದಲಿಸುವವರಲ್ಲ. “ನಿಮ್ಮ ಯಂತ್ರ ನಿಮ್ಮ ಬಾಯಿಂದನ ಸುಳ್ಳ ಅಂತ ಆತು. ಈಗ ನಾ ಯಾಕ ನಂಬಲಿ?”

“ನಂಬಬ್ಯಾಡ್ರಿ. ಪರೀಕ್ಷೆ ಮಾಡ್ರಿ.”

ಮೂಗಿನ ನಳಿಕೆಯ ಮೂಲಕ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ದ್ರವವೊಂದನ್ನು ಒಳಗೆ ಬಿಟ್ಟರು. ದಾರಿ ಕಟ್ಟಿದ್ದರೆ ಅದು ಜೋಡಣೆಯ ಹಿಂದೆ ನಿಲ್ಲುತ್ತದೆ. ತೆರೆದಿದ್ದರೆ ಮುಂದೆ ಹೋಗುತ್ತದೆ. ಇದನ್ನು ಕೇಳಿದ ಕಾಕಾ ಅರೆಗಣ್ಣು ತೆರೆದು, “ಚೆಕಿಂಗ್ ಬಂದಾರೇನು?” ಎಂದು ಕೇಳಿದರು. ಎಷ್ಟೋ ದಿನದ ಮೇಲೆ ಅವರಾಡಿದ ಮೊದಲ ಚೇಷ್ಟೆಯ ಮಾತು ಅದು.

ಸಂಜೆಯ ಎಕ್ಸ್‌ರೇ ಬಂದಾಗ ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿ ಮಂದಾಕಿನಿಯ ಕೈಗೆ ಕೊಟ್ಟರು. ಬಿಳಿಯ ದ್ರವ ಜಠರ ಬಿಟ್ಟಿತ್ತು, ಸಣ್ಣ ಕರುಳಿನ ಸುರುಳಿಗಳನ್ನು ಹಾದಿತ್ತು, ಹೊಲಿಗೆಯ ಜಾಗವನ್ನು ಸಲೀಸಾಗಿ ದಾಟಿ ದೊಡ್ಡ ಕರುಳಿನ ಮೊದಲ ತಿರುವಿನಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಿತ್ತು. ಹೊಟ್ಟೆಯೊಳಗೆ ಒಂದು ಹೊಳೆಯ ನಕ್ಷೆ. ಮಂದಾಕಿನಿ ಓದಿದ ದಿನಗಳಿಂದ ಇಂಥ ಚಿತ್ರಗಳನ್ನು ಎಷ್ಟು ನೋಡಿದ್ದಳೋ. ಯಾವುದೂ ಇಷ್ಟು ಚೆಂದವಿರಲಿಲ್ಲ.

“ನಾಳಿನ ಆಪರೇಶನ್ ಕ್ಯಾನ್ಸಲ್,” ಎಂದರು ಡಾಕ್ಟರ್. “ಆದ್ರ ಗಾಳಿ ಸರಿಯೂತನಕ ಬಾಯಿಗೆ ಏನೂ ಇಲ್ಲ.”

ಹೆಚ್ಚು ಕಾಯಬೇಕಾಗಲಿಲ್ಲ. ದ್ರವದ ಹಿಂದೆಯೇ ಹೊಟ್ಟೆಯೊಳಗೆ ಗುಡುಗು ಶುರುವಾಯಿತು. ವಾರ್ಡಿನಲ್ಲಿ ದೀಪ ಹಚ್ಚುವ ಹೊತ್ತಿಗೆ, ನರ್ಸಮ್ಮ ಥರ್ಮಾಮೀಟರ್ ಝಾಡಿಸುತ್ತಿದ್ದಾಗ, ಕಾಕಾನ ಹಾಸಿಗೆಯಿಂದ ಒಂದು ಸದ್ದು ಹೊರಟಿತು. ಸಣ್ಣದಾಗಿ ಮೊದಲಾಗಿ, ತನ್ನ ದಾರಿ ಹುಡುಕಿಕೊಂಡು, ಕೊನೆಗೆ ತುತ್ತೂರಿಯಂತೆ ಮುಗಿಯಿತು.

ವಾರ್ಡಿನ ತಲೆಗಳೆಲ್ಲ ಇತ್ತ ತಿರುಗಿದವು.

“ಸರೀತು!” ಎಂದು ಕೂಗಿದಳು ಚಿಗವ್ವ. “ಸರೀತ್ರೀ! ಡಾಕ್ಟರ್ ಮೇಡಂ, ಸರೀತು!”

ಪಕ್ಕದ ಹಾಸಿಗೆಯ ಮುದುಕ ಚಪ್ಪಾಳೆ ತಟ್ಟಿದ. ಅವನ ಸೊಸೆ ತಟ್ಟಿದಳು. ವಾರ್ಡಿಗೆ ವಾರ್ಡೇ ತಟ್ಟಿತು. ಕಾಕಾ ಚಾದರವನ್ನು ಮೂಗಿನವರೆಗೆ ಎಳೆದುಕೊಂಡು, “ಏ ಪಾರಿ, ಮಾನಾ ಕಳೀಬ್ಯಾಡ, ಯಾರಿಗೂ ಹೇಳಬ್ಯಾಡ,” ಎನ್ನುತ್ತಿದ್ದರು. ಪಾರ್ವತೆವ್ವ ಆಗಲೇ ಫೋನಿನಲ್ಲಿದ್ದಳು. “ಅಕ್ಕಾ, ಸರೀತು! ಹೂಂ, ಜೋರಾಗೇ! ಎಲ್ಲಾರಿಗೂ ಕೇಳಸೈತಿ! ಇಲ್ಲಿ ಸಕ್ರಿ ಹಂಚಾಕತ್ತೀವಿ!” ಗಜೇಂದ್ರಗಡದ ಮನೆಯಲ್ಲೂ ಜನ ಕೂಗಿದ್ದು ಫೋನಿನಿಂದ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ, ಆಪರೇಶನ್ ಕೋಣೆಗೆ ಒಯ್ಯಬೇಕಾಗಿದ್ದ ಹೊತ್ತಿನಲ್ಲಿ, ಕಾಕಾನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಮೂಗಿನ ನಳಿಕೆ ಹೋಗಿತ್ತು. ಚಿಗವ್ವ ತಿಳಿಗಂಜಿ ತಂದಿದ್ದಳು, ಚಿಟಿಕೆ ಉಪ್ಪು ಹಾಕಿದ್ದು. ರಿಯಾಜ್ ಬಂದು ಹಾಸಿಗೆಯ ಕಾಲಿನ ಬಳಿ ನಿಂತಿದ್ದ. ಇನ್ನು ಊರಿಗೆಲ್ಲ ಮತ್ತೆ ಪಟ್ಟಿ ಕಟ್ಟಿ, ಬೇರೆ ಪ್ರಶ್ನೆ ಕೇಳಿ, ಯಂತ್ರಕ್ಕೆ ಮೊದಲಿನಿಂದ ಪಾಠ ಹೇಳಬೇಕು. ಆ ಚಿಂತೆಯಲ್ಲೂ ಅವನು ಹಲ್ಲು ಕಿರಿಯುತ್ತಿದ್ದ. ಡಾಕ್ಟರ್ ಬಾಗಿಲಲ್ಲಿ ನಿಂತರು.

“ಅಗಿಯಾಕ ಏನೂ ಇಲ್ಲ, ಆದ್ರೂ ಬಾಯಾಗ ಸ್ವಲ್ಪ ಇಟ್ಕೊಳ್ರಿ, ಕಾಕಾ,” ಎಂದಳು ಮಂದಾಕಿನಿ.

ಮೊದಲ ಚಮಚ ಒಳಗೆ ಹೋಯಿತು. ಕಾಕಾ ಕಣ್ಣು ಮುಚ್ಚಿದರು. ಗಂಟಲಿನ ಗಂಟು ಮೇಲೇರಿ ಇಳಿಯಿತು. ಎರಡನೆಯ ಚಮಚ. ಮೂರನೆಯದು.

ಆಗ ಪಟ್ಟಿ ಮಾತಾಡಿತು. ಇದುವರೆಗೆ ಕೇಂದ್ರದವರು ಯಾರೂ ಕೇಳಿರದ ಮಾತು.

“ಬರ್ರಿ, ಬರ್ರಿ, ಊಟಕ್ಕ ಬರ್ರಿ!”

ರಿಯಾಜ್ ಬೆಚ್ಚಿ ಮಂದಾಕಿನಿಯ ಕಡೆ ನೋಡಿದ. “ಇದನ್ನ ಯಾರ ಕಲಿಸಿದ್ರು?”

ಯಾರು ಕಲಿಸಿರಬೇಕೆಂದು ಅವಳಿಗೆ ಹೊಳೆದಿತ್ತು. ತಂತಿಗಳ ನಡುವೆ ತಿನ್ನಬಾರದೆಂಬ ನಿಯಮದಿಂದ ಲ್ಯಾಬಿನಲ್ಲಿ ಯಾರೂ ಪಟ್ಟಿ ಕಟ್ಟಿಕೊಂಡು ಉಂಡಿರಲಿಲ್ಲ. ಮನೆಗಳಲ್ಲಿ ಉಂಡಿದ್ದರು. ತುತ್ತು ಕೈಯಲ್ಲಿರುವಾಗ “ಊಟ ಆತೇನ್ರೀ” ಎಂದು ಕೇಳಿದ ದನಿಗೆ ಈ ಸೀಮೆಯ ಜನ ಇನ್ನೇನು ಹೇಳಿಯಾರು?

“ಇಡೀ ಊರು,” ಎಂದಳು.

ಪಟ್ಟಿ ಬಿಡದೆ ಕರೆಯುತ್ತಿತ್ತು. ಪಕ್ಕದ ಹಾಸಿಗೆಯ ಮುದುಕ ಎದೆಗೆ ಕೈಯಿಟ್ಟು, “ಕರದ್ರಲ್ಲ, ಉಂಡಂಗ ಆತ್ರೀ,” ಎಂದ. ಡಾಕ್ಟರ್ ಮುಧೋಳ ಬಾಗಿಲಿನಿಂದಲೇ ಕೈ ಮುಗಿದರು. ಕಾಕಾ ಬಾಯಲ್ಲಿ ಗಂಜಿ ಇಟ್ಟುಕೊಂಡೇ, ಹೌದು ಹೌದು ಎಂಬಂತೆ ಎಲ್ಲರನ್ನೂ ಕೈ ಬೀಸಿ ಕರೆದರು.

ಚಿಗವ್ವ ಕಣ್ಣೊರೆಸಿಕೊಂಡು ಇನ್ನೊಂದು ಡಬ್ಬಿಯ ಮುಚ್ಚಳ ತೆಗೆದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಒಂದು ಮುದ್ದೆ ಬೆಣ್ಣೆ.

ಮಂದಾಕಿನಿ ಆತು ಎನ್ನಲಿಲ್ಲ. ಸ್ಟೂಲನ್ನು ಕಾಕಾನ ಹಾಸಿಗೆಗೆ ಒತ್ತಿ ಎಳೆದುಕೊಂಡು, ಕೈ ಚಾಚಿದಳು. “ಎರಡ ಹಾಕ ಚಿಗವ್ವ. ಭಾಳ ಹಸದೈತಿ.”